ಸುಣ್ಣ ಹಚ್ಚಿದ ಮರಗಳು

ನಮ್ಮ ಮನೆಯವರ ಹತ್ರ ಒಂದು ಶಾಲು ಐತೆ. ಸೊರಬದಾಗೆ ಸಭೆ ಮಾಡಿ, ನಾಲ್ಕು ಜನ ದೊಡ್ಡವರು ಸೇರಿ ಹೊದೆಸಿದ್ದು. ಅಂಚಿಗೆ ಜರಿ. ಟ್ರಂಕಿನಾಗೆ ನುಸಿಗುಳಿಗೆ ಹಾಕಿ ಇಟ್ಟೀನಿ. ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕೋಳು ನಾನು, ಮಡಚಿ ಇಡೋಳೂ ನಾನು. ನಾನು ಬಾಯಿ ಮುಚ್ಕೊಂಡು ಕೂತಿದ್ದಕ್ಕೆ ಆ ಶಾಲೂ ಒಂದು ಕಾರಣ, ಅದಕ್ಕೇ ಮೊದಲು ಅದರ ಸುದ್ದಿ ಹೇಳ್ದೆ.

ನಾನು ಗುತ್ಯಮ್ಮ. ಹುಟ್ಟಿದ್ದು ಅಂಜನಾಪುರದ ಕಡೆ. ಕೊಟ್ಟಿದ್ದು ಇಲ್ಲಿಗೆ, ಸೊರಬದ ಕಾನಿನ ಅಂಚಿಗೆ. ತವರಿಂದ ಬರುವಾಗ ಆರು ಕುರಿ, ಒಂದು ಟಗರು ಹೊಡ್ಕೊಂಡು ಬಂದೆ. ಈ ಕಡೆಯವರು ನನ್ನ ಮಾತು ಒರಟು ಅಂತಾರೆ. ಅನ್ಲಿ ಬಿಡ್ರಿ, ನಲವತ್ತು ವರ್ಷದಿಂದ ಅಂತಾನೇ ಅದಾರೆ, ನಾನೇನು ಸವೆದಿಲ್ಲ. ಸವೆದಿರೋದು ಮಂಡಿ, ಕುತ್ತಿಗೆ. ಅವೆರಡಕ್ಕೂ ಸೌದೆ ಹೊರೆ ಕಾರಣ, ಮಾತಲ್ಲ.

ಊರ ಹಿಂದೆ ಕಾನು. ಮಟಮಟ ಮಧ್ಯಾಹ್ನ ಬಿಸಿಲು ನೆಲ ಮುಟ್ಟದಂಥ ಕಾಡು ಅದು, ನಾನು ಮದುವೆಯಾಗಿ ಬಂದಾಗ. ಅದರಾಗೆ ಉಪ್ಪಾಗೆ ಮರ ಜಾಸ್ತಿ. ಹಣ್ಣು ಸಣ್ಣ ಕುಂಬಳಕಾಯಿ ಹಂಗೆ ಗೀರುಗೀರಾಗಿ ಇರುತ್ತೆ, ಬಾಯಿಗೆ ಹಾಕಿದ್ರೆ ಹಲ್ಲು ಚುಳ್ ಅನ್ನೋ ಹುಳಿ. ಮಳೆಗಾಲದಾಗೆ ಹಣ್ಣಾಗುತ್ತೆ. ಬೀಜ ತೆಗೆದು ಸಿಪ್ಪೆ ಒಣಗಿಸಿ ಶಿರಾಳಕೊಪ್ಪದ ಅಜಮತ್ ಉಲ್ಲಾ ಸಾಬ್ರ ಅಂಗಡಿಗೆ ಹಾಕ್ತೀವಿ. ಮಳೆಗಾಲದಾಗೆ ಬಿಸಿಲು ಎಲ್ಲಿಂದ ತರ್ತೀರಿ? ಒಲೆ ಮೇಲೆ ಬಿದಿರು ತಟ್ಟಿ ಕಟ್ಟಿ, ಕೆಳಗೆ ಹಗಲೂ ಇರುಳೂ ಬೆಂಕಿ ಹಾಕಿ ಒಣಗಿಸಬೇಕು. ಒಂದು ಮೂಟೆ ಸಿಪ್ಪೆ ಒಣಗೋ ಹೊತ್ತಿಗೆ ಒಂದು ಗಾಡಿ ಸೌದೆ ಬೂದಿ. ಆ ಸೌದೆ ಹೊರೋಳು ಯಾರು? ನಾನೇ, ಇನ್ಯಾರು!

ಹದಿನೆಂಟು ವರ್ಷದ ಹಿಂದೆ ಉಪ್ಪಾಗೆಗೆ ಇದ್ದಕ್ಕಿದ್ದಂಗೆ ರೇಟು ಬಂತು. ಜನಕ್ಕೆ ಹುಚ್ಚು ಹಿಡೀತು. ನೀನು ಮೊದಲೋ ನಾನು ಮೊದಲೋ ಅಂತ ಹಸಿರು ಕಾಯಿನೇ ಕಿತ್ರು. ಮರ ಹತ್ತೋಕೆ ಸೋಮಾರಿತನ, ಕೊಂಬೆ ಕಡಿದು ಕೆಡವಿದ್ರು. ಬುಡಕ್ಕೇ ಕೊಡಲಿ ಹಾಕಿದೋರೂ ಇದ್ರು. ಆಗ ಎದ್ದು ನಿಂತಿದ್ದು ನಮ್ಮ ಮನೆಯವರು, ಧರ್ಮಪ್ಪ. ಕಾನಿನ ಬಾಗಿಲಲ್ಲಿ ಊರನ್ನ ಕೂರಿಸಿ ನಾಲ್ಕು ಮಾತಿನ ಕಟ್ಟು ಹಾಕಿದ್ರು. ಹಣ್ಣು ಹಳದಿ ಆಗೋವರೆಗೂ ಯಾರೂ ಮರ ಮುಟ್ಟಬಾರದು. ತುದಿ ಕೊಂಬೆ ಹಣ್ಣು ಹಕ್ಕಿಗೆ, ಮಂಗಕ್ಕೆ. ಹಣ್ಣು ಬಿಡೋ ಮರಕ್ಕೆ ಕೊಡಲಿ ಸೋಕಬಾರದು. ಸೌದೆ ಬೇಕಾದ್ರೆ ಒಣಗಿದ್ದು, ಇಲ್ಲಾ ಕಾಯಿ ಬಿಡದ ಗೊಡ್ಡು ಮರ ಮಾತ್ರ.

ಯಾವುದು ಗೊಡ್ಡು ಅಂತ ಜಗಳ ಆಗಬಾರದಲ್ಲ, ಅದಕ್ಕೆ ಸುಣ್ಣ. ಹಿಂದೆ ಯಾವತ್ತೂ ಕಾಯಿ ಬಿಡದೆ, ಇನ್ನೆರಡು ಮಳೆಗಾಲ ಕಾದ್ರೂ ಕಾಯಿ ಕಾಣದ ಮರಕ್ಕೆ ಇವರೇ ಹೋಗಿ ಎದೆಮಟ್ಟಕ್ಕೆ ಸುಣ್ಣದ ಪಟ್ಟೆ ಹಚ್ಚೋರು. ಪಟ್ಟೆ ಇದ್ರೆ ಕಡೀಬಹುದು, ಇಲ್ದಿದ್ರೆ ಇಲ್ಲ. ಸುಣ್ಣದ ಕುಡಿಕೆ ಹಿಡ್ಕೊಂಡು ಹೊರಟ್ರೆ ಇವರ ನಡಿಗೆನೇ ಬೇರೆ. ನಾನು ರೇಗಿಸೋಳು, "ಏನ್ರೀ, ಕಾನಿಗೆ ಅಮಲ್ದಾರ್ರು ಹೊಂಟ್ರಾ?" ಅಂತ. "ಹೋಗೇ ಮಾರಾಯ್ತಿ" ಅಂದು ನಗೋರು. ಊರು ಕೇಳ್ತು. ಸುತ್ತ ಹತ್ತಿಪ್ಪತ್ತು ಊರಾಗೆ ಕಾನು ಬೋಳಾದ್ರೂ ನಮ್ಮದು ನಿಂತಿತ್ತು. ಶಾಲು ಬಂದಿದ್ದು ಅದಕ್ಕೇ.

ಆಮೇಲೆ ಹಣ್ಣು ಕಮ್ಮಿ ಆಗ್ತಾ ಬಂತು. ಒಂದೇ ವರ್ಷಕ್ಕಲ್ಲ, ಒಂದೊಂದೇ ಮೂಟೆ ಕಮ್ಮಿ. ಊರಿಗೆಲ್ಲಾ ನಲವತ್ತು ಮೂಟೆ ಬರ್ತಿದ್ದು ಇಪ್ಪತ್ತಾಯ್ತು, ಹತ್ತಾಯ್ತು, ಹೋದ ವರ್ಷ ನಾಲ್ಕು. ಮರ ನಿಂತಾವೆ, ಹೂ ಬಿಡ್ತಾವೆ, ಹೂ ಉದುರಿ ನೆಲ ತುಂಬುತ್ತೆ, ಕಾಯಿ ಇಲ್ಲ. ಮಳೆ ಸರಿಯಿಲ್ಲ ಅಂದ್ರು. ಮಂಗ ಅಂದ್ರು. ಒಬ್ಬ ಮೊಬೈಲ್ ಟವರ್ ಅಂದ. ನಮ್ಮ ಮನೆಯವರು ಮಾತ್ರ, "ಕಟ್ಟು ಇನ್ನೂ ಬಿಗಿಯಾಗಬೇಕು" ಅಂತಿದ್ರು. ಕಾಯಿ ಬಿಡದ ಬೇರೆ ಜಾತಿ ಮರಕ್ಕೂ ಸುಣ್ಣ ಬಿತ್ತು. ನನಗೆ ಹೆಸರೂ ಗೊತ್ತಿಲ್ಲದ ಎಷ್ಟೋ ಮರ ಹೋದವು. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯೋ ಸದ್ದು ಕೇಳಿ ಎಷ್ಟು ವರ್ಷ ಆಯ್ತೋ. ಕಾನಿನಾಗೆ ನಡೆದ್ರೆ ತಲೆ ಸುಡೋಕೆ ಶುರುವಾಯ್ತು. ಹೋದ ವರ್ಷ ಇವರು ಇದ್ದ ಚೂರುಪಾರು ಹಣ್ಣಿಗೆ ಮರ ಹತ್ತಿ, ಬಿದ್ದು, ಭುಜ ಮುರ್ಕೊಂಡ್ರು.

ಶಿವರಾತ್ರಿ ಹತ್ರ ಅಜಮತ್ ಸಾಬ್ರ ಮಗಳು ಆತಿಫಾ ಬಂದ್ಲು. ಕಾಲೇಜಿನಾಗೆ ಗಿಡಮರದ ಪಾಠ ಓದೋ ಹುಡುಗಿ. ಹೂವಿನ ಕಾಲಕ್ಕೆ ಉಪ್ಪಾಗೆ ನೋಡಬೇಕಂತೆ, ಬರೀಬೇಕಂತೆ. ಸಾಬ್ರು ಫೋನ್ ಮಾಡಿ, "ಗುತ್ಯಮ್ಮಾ, ನಿಮ್ಮ ಮನೆ ಮಗಳು ಅಂದ್ಕೊಳ್ರಿ" ಅಂದಿದ್ರು. ಇವರ ಭುಜ ಇನ್ನೂ ಸರಿಯಾಗಿ ಕೂಡಿರ್ಲಿಲ್ಲ, ಪಟ್ಟಿ ಕಟ್ಕೊಂಡು ಮಲಗಿದ್ರು, ಅದಕ್ಕೆ ನಾನೇ ಕರ್ಕೊಂಡು ಹೋದೆ. ಹುಡುಗಿ ಬೆಳಿಗ್ಗೆಯಿಂದ ಒಂದೊಂದೇ ಮರದ ಕೆಳಗೆ ಬಗ್ಗಿ, ಉದುರಿದ ಹೂ ಆರಿಸಿ, ಬಿಡಿಸಿ ನೋಡಿ, ಬರ್ಕೊಂಡ್ಲು. ಮೂರು ದಿನ. ನನಗೋ ಬೇಜಾರು, ಕುರಿ ಬೇರೆ ಮನೇಲಿ ಅರಚ್ತಾ ಇರ್ತಾವೆ.

ಮೂರನೇ ದಿನ ಬೆವರು ಒರೆಸ್ಕೊಂಡು ಕೇಳಿದ್ಲು, "ಅಮ್ಮಾ, ಈ ಕಾನಲ್ಲಿ ಗಂಡು ಮರ ಎಲ್ಲಿ?"

"ಮರದಾಗೆ ಎಂಥ ಗಂಡು ಹೆಣ್ಣು ಮಗಾ?"

ಎರಡು ಹೂ ಅಂಗೈಮೇಲೆ ಇಟ್ಟು ತೋರಿಸಿದ್ಲು. ಒಂದರ ನಡುವೆ ಮೆಣಸಿನಕಾಳಿನಷ್ಟು ಪುಟಾಣಿ ಕಾಯಿ ಇತ್ತು, ಗೀರು ಸಮೇತ. "ಇದು ಹೆಣ್ಣು ಮರದ್ದು. ನೂರಾ ಹನ್ನೆರಡು ಮರ ನೋಡ್ದೆ, ಎಲ್ಲಾ ಇವೇ." ಇನ್ನೊಂದರಾಗೆ ಕಾಯಿ ಇಲ್ಲ, ಬರೀ ಹಳದಿ ಪುಡಿ. "ಇದು ಗಂಡು. ಇಡೀ ಕಾನಿಗೆ ಒಂದೇ ಮರ, ಆ ಹಳ್ಳದ ತಿರುವಲ್ಲಿ ಇರೋದು. ಗಂಡು ಮರ ಯಾವತ್ತೂ ಕಾಯಿ ಬಿಡಲ್ಲ ಅಮ್ಮಾ. ಆದ್ರೆ ಅದು ಹತ್ರದಲ್ಲಿ ಇಲ್ದಿದ್ರೆ ಹೆಣ್ಣು ಮರಕ್ಕೆ ಕಾಯಿ ಕಚ್ಚಲ್ಲ. ಪಪ್ಪಾಯಿ ಇಲ್ವಾ, ಹಂಗೆ."

ನಾನು ಅಲ್ಲೇ ಕುಕ್ಕರಿಸಿದೆ. ಪಪ್ಪಾಯಿ! ನಮ್ಮ ಹಿತ್ತಲಾಗೆ ಗಂಡು ಪಪ್ಪಾಯಿ ಐತೆ, ಒಂದಿರಲಿ ಅಂತ ನಾನೇ ಬಿಟ್ಟೀನಿ. ನಲವತ್ತು ವರ್ಷ ಕುರಿ ಸಾಕಿದೋಳು ನಾನು. ಮರಿ ಹಾಕಲ್ಲ ಅಂತ ಟಗರು ಕಡಿದು ಹಾಕೋ ಮಂಕುದಿಣ್ಣೆ ಎಲ್ಲಾದ್ರೂ ಇದಾಳಾ? ನಾವು ಹದಿನೆಂಟು ವರ್ಷ ಮಾಡಿದ್ದು ಅದನ್ನೇ. ಸುಣ್ಣ ಹಚ್ಚಿ, ಸಾಲಾಗಿ, ಮರ್ಯಾದೆಯಿಂದ. ಹೋದ ವರ್ಷ ಬಂದ ನಾಲ್ಕು ಮೂಟೆಯೂ ಆ ತಿರುವಿನ ಸುತ್ತಲ ಮರದವೇ ಅಂತ ಆಗ ಹೊಳೀತು. ತಿರುವಿನ ಮರ ಉಳಿದಿದ್ದೂ ನಮ್ಮ ಬುದ್ಧಿಯಿಂದಲ್ಲ, ವರ್ಷಾ ವರ್ಷ ಸೌದೆ ಕಡಿಯೋ ಬೇಸಿಗೆಗೆ ಸರಿಯಾಗಿ ಅದಕ್ಕೆ ಹೆಜ್ಜೇನು ಕಟ್ತಿತ್ತು. ಸುಣ್ಣ ಹಚ್ಚೋಕೂ ಹತ್ರ ಹೋಗೋ ಧೈರ್ಯ ಯಾರಿಗೂ ಇರ್ಲಿಲ್ಲ.

"ಹೊಸದು ನೆಟ್ರೆ?" ಅಂದೆ.

"ನೆಡಬಹುದು. ಹೂ ಬಿಡೋಕೆ ಹತ್ತು ಹನ್ನೆರಡು ವರ್ಷ ಬೇಕು. ಹೂ ಬಿಡೋವರೆಗೂ ಗಂಡೋ ಹೆಣ್ಣೋ ಗೊತ್ತಾಗಲ್ಲ."

ಹುಡುಗಿ ಮನೆಗೆ ಬಂದು ಧರ್ಮಪ್ಪಜ್ಜನಿಗೆ ಹೇಳ್ತೀನಿ ಅಂತ ಹೊರಟ್ಲು. ನಾನು ಕೈ ಹಿಡಿದೆ. "ಬೇಡ ಮಗಾ. ನಾನೇ ಹೇಳ್ತೀನಿ, ಹದ ನೋಡಿ. ನೀನು ಹೇಳಿದ್ರೆ ಅವರು ತಡ್ಕೊಳಲ್ಲ." ಪಾಪ, ಒಪ್ಪಿದ್ಲು. "ತಿರುವಿನ ಮರ ಮಾತ್ರ ಹುಷಾರು ಅಮ್ಮಾ" ಅಂದು ಬಸ್ ಹತ್ತಿದ್ಲು.

ಹೇಳೋಕೆ ಹೋದೆ, ಹೇಳಲಿಲ್ಲ. ಒಂದು ದಿನ ಭುಜದ ನೋವಿಗೆ ನರಳ್ತಿದ್ರು. ಇನ್ನೊಂದು ದಿನ ಯಾರೋ ಬಂದು ಕಟ್ಟಿನ ಸುದ್ದಿ ಹೊಗಳ್ತಾ ಕೂತಿದ್ರು, ಇವರ ಮುಖ ಅರಳಿತ್ತು. ಯುಗಾದಿಗೆ ಟ್ರಂಕ್ ತೆಗೆದು ಶಾಲು ಬಿಸಿಲಿಗೆ ಹಾಕಿದಾಗ ಹತ್ರ ಬಂದು ಅಂಚು ಮುಟ್ಟಿ ನೋಡಿ, "ನಮ್ಮಂಥೋರಿಗೆ ಇದು ಜಾಸ್ತಿನೇ ಆಯ್ತು ಅಲ್ವೇನೇ" ಅಂದ್ರು. ಏನಂತ ಹೇಳ್ಲಿ? ಜಮೀನು ಒಂದೂವರೆ ಎಕರೆ, ಅದೂ ಮಳೆ ನಂಬಿದ್ದು. ಈ ಮನುಷ್ಯ ಇಷ್ಟು ವರ್ಷದಾಗೆ ತನ್ನದು ಅಂತ ಮಾಡಿದ್ದು ಒಂದು ಕಟ್ಟು. ಅದನ್ನ ನಾನು ಹೆಂಡ್ತಿಯಾಗಿ ಕಿತ್ಕೊಳ್ಳೋದಾ ಅನ್ನಿಸ್ತು. ಶಿವರಾತ್ರಿ ಹೊತ್ತಿಗೆ ಕಟ್ಟದಿದ್ರೂ ಇಷ್ಟೊತ್ತಿಗೆ ತಿರುವಿನ ಮರಕ್ಕೆ ಜೇನು ಬಂದಿರುತ್ತೆ, ಇನ್ನು ನಾಲ್ಕು ದಿನ ತಡೀಲಿ ಅಂದ್ಕೊಂಡೆ. ನಾಲ್ಕು ದಿನ ಅಂತ ಎರಡು ತಿಂಗಳು ಕಳೆದೆ.

ಈ ವರ್ಷ ಅಲ್ಲಿ ಜೇನು ಕಟ್ಟಲೇ ಇಲ್ಲ ಅನ್ನೋದು ನನಗೆ ಗೊತ್ತಿರ್ಲಿಲ್ಲ. ನೋಡೋಕೆ ಹೋಗಿದ್ರೆ ತಾನೆ.

ಅಷ್ಟು ಸಾಲದು ಅಂತ ನನ್ನ ಬಾಯಿ. ಒಂದು ದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸೋಕೆ ಆಗ್ಲಿಲ್ಲ, ಸಿಟ್ಟು ನೆತ್ತಿಗೇರಿತ್ತು. "ಮಳೆಗಾಲ ಬಂತು, ಮನೇಲಿ ಒಂದು ಕಡ್ಡಿ ಸೌದೆ ಇಲ್ಲ. ಊರಿಗೆಲ್ಲಾ ಕಟ್ಟು ಹಾಕೋ ದೊರೆ ಹೆಂಡ್ತಿ ನಾನು, ಒಣ ದರಗೆಲೆ ಗುಡಿಸಿ ಒಲೆ ಹಚ್ಚಬೇಕು. ನನ್ನ ಹೆಣ ಸುಡೋಕೂ ಸೌದೆ ಸಾಲ ತರ್ಬೇಕಾಗುತ್ತೆ ನೋಡ್ರಿ!" ಅಂದುಬಿಟ್ಟೆ. ನಾನು ಅದೇ ಸಿಟ್ಟಿನಾಗೆ ಅಂಜನಾಪುರಕ್ಕೆ ಹೋದೆ, ತಮ್ಮನ ಮನೆಯಾಗೆ ಮೊಮ್ಮಗುವಿನ ತೊಟ್ಟಿಲು ಇತ್ತು. ಮೂರು ದಿನ ಚಾನಲ್ ನೀರಿನಾಗೆ ಕಾಲು ಇಳಿಬಿಟ್ಕೊಂಡು ಹಾಯಾಗಿ ಕೂತಿದ್ದೆ. ಯಾರಿಗೂ ಅಡುಗೆ ಮಾಡೋದಿಲ್ಲ, ಯಾರಿಗೂ ಏನೂ ಹೇಳೋದಿಲ್ಲ.

ನಾಲ್ಕನೇ ದಿನ ಬಸ್ಸಿಳಿದು ಮನೆ ಮುಂದೆ ಬಂದ್ರೆ ಗೋಡೆಯುದ್ದಕ್ಕೂ ಸೌದೆ. ಒಂದೇ ಅಳತೆಗೆ ಸೀಳಿ, ಒಪ್ಪವಾಗಿ ಪೇರಿಸಿದ್ದು. ನಮ್ಮ ಮನೆಯವರು ಒಂದೇ ಕೈಯಲ್ಲಿ ತುಂಡು ಜೋಡಿಸ್ತಾ ಇದ್ರು, ಮಗ ಮಹಾಂತೇಶ ಟಿಲ್ಲರ್ ತೊಳೀತಿದ್ದ.

"ಬಂದ್ಯಾ? ನೋಡೇ, ಈ ಸಲ ಮಳೆಗಾಲ ಮುಗಿಯೋವರೆಗೂ ನೀನು ಒಂದು ಹೊರೆ ಹೊರಂಗಿಲ್ಲ" ಅಂದ್ರು. ಮುಖದ ತುಂಬ ನಗು. ಮುರಿದ ಭುಜ ಮೇಲೆ ಕೆಳಗೆ ಆಗಿತ್ತು, ಬೆವರಿಗೆ ಅಂಗಿ ಅಂಟಿತ್ತು. "ಬ್ಯಾಡ ಅಂದೆ, ಕೇಳ್ಲಿಲ್ಲಮ್ಮ. ಮೊದಲ ಏಟು ಅಪ್ಪನೇ ಹಾಕಿದ್ದು" ಅಂದ ಮಹಾಂತೇಶ.

ಹತ್ರ ಹೋದೆ. ತುಂಡಿನ ಬಾಯಿಗೆಲ್ಲಾ ಹಳದಿ ಅಂಟು ಒಸರಿತ್ತು. ಉಪ್ಪಾಗೆದೇ. ಒಂದು ತುಂಡಿನ ತೊಗಟೆ ಮೇಲೆ ಸುಣ್ಣ ಇನ್ನೂ ಹಸಿ.

"ಯಾವುದ್ರೀ ಇದು?"

"ತಿರುವಿಂದು. ಜೇನು ಕಟ್ಟಿರ್ಲಿಲ್ಲ ಈ ವರ್ಷ. ಇಷ್ಟು ವರ್ಷ ಸುಮ್ನೆ ಜಾಗ ತಿಂತಾ ನಿಂತಿತ್ತು."

ಕಿರುಚಬೇಕು ಅನ್ನಿಸ್ತು, ಕಿರುಚೋಕೂ ಸಾಕಾಗಿತ್ತು. ಯಾರ ಮೇಲೆ ಕಿರುಚ್ಲಿ? ಕಡಿದಿದ್ದು ಇವರು, ನಿಜ. ಕಡೀರಿ ಅಂತ ಬಾಯಿ ಮಾಡಿದ್ದು ನಾನು, ಕಡೀಬೇಡ್ರಿ ಅನ್ನೋದು ಗೊತ್ತಿದ್ದೂ ನುಂಗಿಕೊಂಡಿದ್ದು ನಾನು. "ಚೆನ್ನಾಗೈತೆ" ಅಂದೆ. ಕಾಲು ತೊಳ್ಕೊಂಡು ಒಳಗೆ ಹೋಗಿ ಅಕ್ಕಿ ನೆನೆಹಾಕಿದೆ. ಇನ್ನು ಹೇಳಿ ಏನು ಬಂತು, ಉಳಿಸೋಕೆ ಏನೈತೆ, ಸಾಯೋವರೆಗೂ ಹಿಂಗೇ ನಗ್ತಾ ಇರ್ಲಿ ಅಂದ್ಕೊಂಡೆ. ಹಂಗೇ ಬಿಟ್ಟಿದ್ರೆ ಬಿಟ್ಟೇಬಿಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಮಾರನೇ ದಿನ ಫೋನ್ ಬಂತು. ಗುಡವಿ ಕಡೆ ಒಂದು ಊರಿನ ಹಿರಿಯ, ಸಣ್ಣಪ್ಪ ಅಂತ. ಅವರ ಕಾನಿನಾಗೂ ಈಗ ಉಪ್ಪಾಗೆಗೆ ನೂಕುನುಗ್ಗಲಂತೆ, ಕೊಂಬೆ ಕಡೀತಾರಂತೆ. ಇವರು ಫೋನ್ ಜೋರಾಗಿ ಇಟ್ಕೊಳ್ಳೋದು, ನನಗೂ ಕೇಳ್ತಿತ್ತು. "ಧರ್ಮಪ್ಪನೋರೇ, ನಿಮ್ಮ ಕಟ್ಟನ್ನೇ ನಾವೂ ಹಾಕ್ತೀವಿ. ನಾಳೆ ಐದಾರು ಜನ ಬರ್ತೀವಿ, ನಿಮ್ಮ ಬಾಯಿಂದಲೇ ಕೇಳ್ಬೇಕು. ಗೊಡ್ಡು ಮರ ಆಗಲೇ ನೋಡಿ ಇಟ್ಟಿದೀವಿ, ಏಳು ಸಿಕ್ತು. ಸುಣ್ಣ ಹಚ್ಚಿ ಆಯ್ತು. ನೀವು ಹೂಂ ಅಂದ್ರೆ ನಾಡಿದ್ದು ಕೊಡಲಿ."

ಫೋನ್ ಇಟ್ಟು ಇವರು ನನ್ನ ಕಡೆ ತಿರುಗಿದ್ರು. ಚಿಕ್ಕ ಮಕ್ಕಳ ಖುಷಿ. "ಕೇಳಿದ್ಯಾ? ಗುಡವಿ ತನಕ ಹೋಗಿದೆ ನನ್ನ ಮಾತು."

ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಏಳು ಮರ. ಅವು ಹೋಗಿ ಅವರ ಕಾನಿನಾಗೂ ಹಣ್ಣು ನಿಲ್ಲೋ ಹೊತ್ತಿಗೆ ನಾವಿಬ್ಬರೂ ಇರ್ತೀವೋ ಇಲ್ವೋ, ಆ ಊರಿನ ಹೆಂಗಸ್ರು ಇರ್ತಾರೆ.

"ರೀ, ಕೂತ್ಕೊಳ್ರಿ" ಅಂದೆ. ಎಲ್ಲಾ ಹೇಳಿದೆ. ಹೂ, ಹಳದಿ ಪುಡಿ, ಪಪ್ಪಾಯಿ, ಟಗರು, ನೂರಾ ಹನ್ನೆರಡು ಹೆಣ್ಣು ಮರ, ಒಂದು ಗಂಡು. ಹೇಳೋಕೆ ಶುರು ಮಾಡಿದ ಮೇಲೆ ನಿಲ್ಲಿಸೋಕೆ ಬರ್ಲಿಲ್ಲ. ಅವರು ಸೌದೆ ರಾಶಿ ಕಡೆ ನೋಡ್ತಾ ಕೂತಿದ್ರು.

"ಯಾವಾಗಿಂದ ಗೊತ್ತು ನಿಂಗೆ?"

"ಶಿವರಾತ್ರಿಯಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಮುಖ ಹಿಂಗಾಗೋದು ನೋಡೋಕೆ ಆಗಲ್ಲ ಅಂತ."

ಬಯ್ತಾರೆ ಅಂದ್ಕೊಂಡೆ, ಬಯ್ದಿದ್ರೆ ಚೆನ್ನಾಗಿತ್ತು. ಎದ್ದು ಹೋಗಿ ಸೌದೆ ಪಕ್ಕ ನೆಲದ ಮೇಲೆ ಕೂತ್ರು. ಮಧ್ಯಾಹ್ನ ಊಟಕ್ಕೆ ಕರೆದ್ರೆ ಬರ್ಲಿಲ್ಲ. ನಾನೂ ಉಣ್ಣಲಿಲ್ಲ. ಹೊತ್ತು ಇಳಿಯುವಾಗ ಒಂದು ಸಲ ತುಂಡೊಂದನ್ನ ಎತ್ತಿ ಮೂಸಿ ಮತ್ತೆ ಅಲ್ಲೇ ಇಟ್ಟಿದ್ದು ನೋಡಿದೆ. ಇಬ್ಬರಿಗೂ ವಯಸ್ಸಾಗಿದೆ ಅಂತ ಅವತ್ತು ತಿಳೀತು ನನಗೆ.

ಬೆಳಿಗ್ಗೆ ಎದ್ದವರೇ, "ಶಾಲು ತೆಗಿ" ಅಂದ್ರು.

ಇವರು ಕೇಳ್ಲೇ ಇಲ್ಲ, ಶಾಲು ಹೊದ್ದು ಅದೇ ಕಟ್ಟು ಒಪ್ಪಿಸ್ತಾರೆ ಅಂದ್ಕೊಂಡೆ. "ಆ ಶಾಲು ಯಾಕ್ರೀ ಈಗ?"

"ಶಾಲಿಲ್ದೆ ಹೇಳಿದ್ರೆ ನನ್ನ ಮಾತು ಯಾರು ಕೇಳ್ತಾರೆ? ತೆಗಿ."

ಒಂಬತ್ತು ಗಂಟೆಗೆ ಗೂಡ್ಸ್ ಗಾಡಿಯಲ್ಲಿ ಆರು ಜನ ಬಂದಿಳಿದ್ರು. ಸಣ್ಣಪ್ಪ ಅಂದ್ರೆ ಇವರಿಗಿಂತ ಹತ್ತು ವರ್ಷ ಸಣ್ಣವನು, ದಪ್ಪ ಮೀಸೆ. ಬಾಳೆಹಣ್ಣು, ಹೂವಿನ ಹಾರ ತಂದಿದ್ದ. ಇವರು ಹಾರ ಕೈಯಲ್ಲಿ ಇಸ್ಕೊಂಡು ನನಗೆ ಕೊಟ್ರು, ಕೊರಳಿಗೆ ಹಾಕಿಸ್ಕೊಳ್ಲಿಲ್ಲ. "ಬನ್ನಿ" ಅಂದು ಸೀದಾ ತಿರುವಿಗೆ ನಡೆದ್ರು. ನಾನೂ ಹಿಂದೆ ಹೋದೆ. ಬುಡ ಇನ್ನೂ ಹಳದಿ ಒಸರ್ತಾ ಇತ್ತು, ಇರುವೆ ಮುತ್ತಿತ್ತು. ಸುತ್ತಲ ಮರದಾಗೆ ಗೋಲಿಯಷ್ಟು ಕಾಯಿ ಇದ್ದವು, ಶಿವರಾತ್ರಿ ಕಾಲಕ್ಕೆ ಕಚ್ಚಿದವು.

"ಈ ಕಾಯಿ ನೋಡ್ಕೊಳ್ಳಿ. ಈ ಕಾನಿನ ಕಡೇ ಕಾಯಿ ಇವು" ಅಂದ್ರು. ಆಮೇಲೆ ಬುಡ ತೋರಿಸಿ, ನಾನು ಹೇಳಿದ್ದನ್ನೆಲ್ಲಾ ಹೇಳಿದ್ರು. ನನಗಿಂತ ಚೆನ್ನಾಗಿ ಹೇಳಿದ್ರು. ನನ್ನ ಹೆಸರು ಎತ್ತಲಿಲ್ಲ, ನನ್ನ ಬಾಯಿ ಸುದ್ದಿ ಎತ್ತಲಿಲ್ಲ. "ಕಟ್ಟಿನ ಮೊದಲ ಮೂರು ಮಾತು ಇಟ್ಕೊಳ್ಳಿ. ನಾಲ್ಕನೇದು ನನ್ನ ದಡ್ಡತನ. ಮೂವತ್ತೊಂದು ಗಂಡು ಮರ ಕಡಿಸಿದ್ದೀನಿ."

ಸಣ್ಣಪ್ಪ ಮೀಸೆ ತೀಡಿ ನಕ್ಕ. "ಯಜಮಾನ್ರೇ, ಯಾರೋ ನಿಮ್ಮ ತಲೆ ಕೆಡಿಸಿದಾರೆ. ಕಾಯಿ ಬಿಡದ ಮರ ಕಡಿದ್ರೆ ಕಾಯಿ ಕಮ್ಮಿ ಆಗುತ್ತಾ? ಶಾಲು ಹೊದ್ದು ಹಿಂಗಂತೀರಲ್ಲ."

"ಅದಕ್ಕೇ ಹೊದ್ದಿದ್ದು. ಇದನ್ನ ಕೊಟ್ಟಾಗ ನಂಬಿದ್ರಲ್ಲ, ಈಗಲೂ ನಂಬಿ." ಇವರು ವಾಪಸ್ ಗಾಡಿ ಕಡೆ ಹೊರಟ್ರು. "ನಿಮ್ಮ ಏಳು ಮರ ಎಲ್ಲಿವೆ? ಗಾಡಿ ಹತ್ತಿ."

ಆರೂ ಜನ ಹಿಂದೆ ಬಂದು ಗಾಡಿ ಹತ್ತಿದ್ರು. ನಂಬಿದ್ರೋ, ಮುದುಕನ ಮುಖ ನೋಡಿ ಒಪ್ಪಿದ್ರೋ, ನನಗೆ ಗೊತ್ತಿಲ್ಲ. ನಾನು ಹಿತ್ತಲಿಗೆ ಓಡಿ ತೆಂಗಿನ ನಾರು, ಎರಡು ಕೊಡ ತಗೊಂಡು ಗಾಡಿ ಹಿಂದೆ ಹತ್ತಿದೆ.

ಅವರ ಕಾನು ನಮ್ಮದು ಮೊದಲು ಇದ್ದಂಗೇ ಇತ್ತು. ಕಪ್ಪು ನೆರಳು, ಕಾಲಿಗೆ ತಂಪು. ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಸದ್ದು ಮಾಡ್ತಾ ಹೋಯ್ತು, ನಾನು ತಲೆ ಎತ್ತೋಕೆ ಹೋಗಿ ಕುತ್ತಿಗೆ ಹಿಡ್ಕೊಂಡೆ. ಏಳೂ ಮರಕ್ಕೆ ಎದೆಮಟ್ಟಕ್ಕೆ ಬೆಳ್ಳಗೆ ಪಟ್ಟೆ, ಇವರು ಹಚ್ಚೋ ಥರಾನೇ.

ಇವರು ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದ್ರು. ನಾರು ಒದ್ದೆ ಮಾಡಿ ಎಡಗೈಯಲ್ಲಿ ತಿಕ್ಕೋಕೆ ಶುರು ಮಾಡಿದ್ರು. ಸುಣ್ಣ ಹಿಡಿದುಬಿಟ್ಟಿತ್ತು, ಬೇಗ ಬಿಡ್ತಿರ್ಲಿಲ್ಲ. ಕೊಡ ಖಾಲಿಯಾದಂಗೆ ನಾನು ಹಳ್ಳದಿಂದ ತುಂಬಿ ತಂದೆ. ಮೂರನೇ ಮರದ ಹೊತ್ತಿಗೆ ಸಣ್ಣಪ್ಪ ಬಂದು, "ಕೊಡಿ ಯಜಮಾನ್ರೇ, ನಾನು ತಿಕ್ತೀನಿ" ಅಂದ. ಇವರು ಕೊಡಲಿಲ್ಲ. "ನಾನು ಹೇಳ್ಕೊಟ್ಟಿದ್ದು, ನಾನೇ ಅಳಿಸ್ತೀನಿ" ಅಂದ್ರು. ಏಳೂ ಮುಗಿಯೋ ಹೊತ್ತಿಗೆ ಬಿಸಿಲು ಇಳಿದಿತ್ತು, ಇವರ ಬೆರಳ ಸಂದಿಯಾಗೆ ಚರ್ಮ ಸುಲಿದಿತ್ತು. ಕಡೇ ಮರಕ್ಕೆ ಬೆನ್ನು ಕೊಟ್ಟು ಕೂತು, ಕಣ್ಣು ಮುಚ್ಚಿದ್ರು.

"ಏಳ್ರಿ, ಮನೆಗೆ ಹೋಗಣ" ಅಂದೆ.

"ನಮ್ಮ ಕಾನಲ್ಲಿ ತೊಳೆಯೋಕೆ ಒಂದೂ ಇಲ್ವಲ್ಲೇ ಗುತ್ತೀ" ಅಂದ್ರು.

ನಾನು ಕೊಡದಾಗೆ ಉಳಿದಿದ್ದ ನೀರು ಅವರ ಕೈಗೆ ಹುಯ್ದೆ.